ತೂಕಕ್ಕೆ ಬಂದವು

ಸೊಲ್ಲಾಪುರದ ವಿಜಾಪುರ ವೇಸಿನ ಒಳಗಿನ ಓಣಿಗಳಲ್ಲಿ ಬಿಸಿಲು ಇನ್ನೂ ಗೋಡೆಯ ಮೇಲರ್ಧದಲ್ಲಿ ಇರುವಾಗಲೇ ಗೋಣಿತಟ್ಟು ಬಿಚ್ಚುತ್ತಾರೆ. ಮೊದಲು ಇಳಿಯುವುದು ಕಬ್ಬಿಣ. ಕಿಟಕಿಯ ಸರಳು, ಸವೆದ ನೇಗಿಲ ಕುಳ, ಸೈಕಲ್ಲಿನ ರಿಮ್ಮು, ತೊಟ್ಟಿಲ ಸರಪಳಿ. ಅದರ ಮಗ್ಗುಲಿಗೆ ಸೊಟ್ಟಾದ ಅಲ್ಯುಮಿನಿಯಂ ಪಾತ್ರೆ. ಕೊನೆಗೆ, ಮಾರುವವನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ, ಹಿತ್ತಾಳೆ ತಾಮ್ರದ ರಾಶಿ. ಹಂಡೆ, ಪರಾತ, ಗಂಗಾಳ, ಚರಿಗೆ, ತಂಬಿಗೆ, ಎಣ್ಣೆಯ ಜಿಡ್ಡು ಹತ್ತಿ ಕಪ್ಪಾದ ಸಮೆ, ಬಾಯಿ ಕೂಡದ ಅಡಕೊತ್ತು. ಮಾರುವವನು ಗಿರಾಕಿಯ ಮುಖ ನೋಡಿ ಮರಾಠಿಯಲ್ಲೋ ಕನ್ನಡದಲ್ಲೋ ತೆಲುಗಿನಲ್ಲೋ ದಖನಿಯಲ್ಲೋ ಮಾತು ತೆಗೆಯುತ್ತಾನೆ. ತಕ್ಕಡಿಗೆ ಮಾತ್ರ ಒಂದೇ ಭಾಷೆ.

ಕೊಳ್ಳಲು ಬಂದವರು ಹೇಗೆ ನೋಡುತ್ತಾರೆ ಎಂಬುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಮೋಡಕಾ, ಅಂದರೆ ಗುಜರಿ ವ್ಯಾಪಾರಿ ಪಾತ್ರೆಯ ಅಂದ ಚಂದ ನೋಡುವುದಿಲ್ಲ. ಜೇಬಿನಿಂದ ಅಯಸ್ಕಾಂತ ತೆಗೆದು ಮುಟ್ಟಿಸುತ್ತಾನೆ. ಹಿಡಿಯಿತೆಂದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಹಿಡಿಯದಿದ್ದರೆ ಬೆರಳಿನಿಂದ ಟಣ್ ಎಂದು ಹೊಡೆದು ಕಿವಿ ಕೊಡುತ್ತಾನೆ. ಕಂಚಿನ ದನಿ ಉದ್ದಕ್ಕೆ ಎಳೆಯುತ್ತದೆ, ಹಿತ್ತಾಳೆಯದು ಬೇಗ ಮುಗಿಯುತ್ತದೆ, ಸೀಳಿದ ಪಾತ್ರೆ ಗೊರಗುಟ್ಟುತ್ತದೆ. ಪುಣೆ, ಮುಂಬೈ ಕಡೆಗೆ ಹಳೇ ಸಾಮಾನು ಸಾಗಿಸುವ ದಲ್ಲಾಳಿ ಇಷ್ಟೆಲ್ಲ ಮಾಡುವುದಿಲ್ಲ. ಮೊಬೈಲಿನಲ್ಲಿ ಫೋಟೋ ಹೊಡೆದು ಎಲ್ಲಿಗೋ ಕಳಿಸಿ, ಉತ್ತರ ಬರುವವರೆಗೆ ಚಹಾ ಕುಡಿಯುತ್ತಾನೆ. ಇವರಿಬ್ಬರ ನಡುವೆ ನುಸುಳಿ ಬರುವವರು ಮನೆಮಂದಿ. ಕೈಯಲ್ಲಿ ಕಾಯಿಪಲ್ಲೆಯ ಚೀಲ ಹಿಡಿದ ಹೆಂಗಸು ಕೂತುಕೊಂಡು ಪರಾತವನ್ನು ಮಗುಚಿ, ತಳ ಸಮನಾಗಿದೆಯೇ ಎಂದು ನೆಲದ ಮೇಲೆ ತಿರುವಿ ನೋಡುತ್ತಾಳೆ. ಹಿಟ್ಟು ನಾದುವಾಗ ಪರಾತ ಕುಣಿಯಬಾರದು. ಆ ಮೂವರಲ್ಲಿ ಪಾತ್ರೆಯನ್ನು ಪಾತ್ರೆಯಾಗಿ ನೋಡಿದವಳು ಅವಳೊಬ್ಬಳೇ.

ನನ್ನ ಮಾತೂ ಅವಳ ಪರವಾಗಿಯೇ ಇದೆ. ಇಂಥ ಕಡೆ ಅಗ್ಗಕ್ಕೆ ಸಿಕ್ಕದ್ದನ್ನು ಇನ್ನೊಬ್ಬರಿಗೆ ಹೆಚ್ಚಿಗೆ ಮಾರಿ ನಾಲ್ಕು ಕಾಸು ಮಾಡಿಕೊಳ್ಳುವುದು ತಪ್ಪೆಂದು ಹೇಳಲಾರೆ. ಅದರಲ್ಲೇ ಹೊಟ್ಟೆ ಹೊರೆಯುವವರಿದ್ದಾರೆ. ಆದರೆ ಕೆಲವು ವಸ್ತುಗಳು ಒಂದು ಸಲ ಈ ಊರು ಬಿಟ್ಟು ಹೋದರೆ ಅವುಗಳ ಅರ್ಥವೇ ಹೋಗುತ್ತದೆ. ಅಂಥವನ್ನು ಕೊಂಡವರು ಇಟ್ಟುಕೊಳ್ಳಬೇಕು, ಬಳಸಬೇಕು.

ಒಂದು ಹಿತ್ತಾಳೆ ಪರಾತವನ್ನೇ ಹತ್ತಿರದಿಂದ ನೋಡಿ. ಅಂಚಿನ ಕೆಳಗೆ, ಹುಣಸೆಹಣ್ಣು ತಿಕ್ಕಿ ತಿಕ್ಕಿ ಅರ್ಧ ಸವೆದು, ಸಣ್ಣ ಸಣ್ಣ ಚುಕ್ಕಿಗಳ ಒಂದು ಸಾಲು. ಚಾಣದ ಮೊನೆಯನ್ನು ಸುತ್ತಿಗೆಯಿಂದ ಒಂದೇ ಸಮ ಕುಟ್ಟಿ ಬರೆದ ಹೆಸರು ಅದು. ಕನ್ನಡದ ದುಂಡು ಅಕ್ಷರ ಚುಕ್ಕಿಗೆ ಸುಲಭಕ್ಕೆ ಬಗ್ಗುವುದಿಲ್ಲ. ‘ಳ’ ಬಂದಲ್ಲಿ ಬರೆದವನ ಕೈ ತಡೆದದ್ದು ಕಾಣುತ್ತದೆ. ಮೊದಲು ತಾಯಿಯ ಹೆಸರು, ಪಕ್ಕದಲ್ಲಿ ಊರು, ಕೆಳಗೆ ಇಸವಿ. ಮಗಳ ಮದುವೆಗೆ ತವರಿನಿಂದ ಬಂದ ಆಹೇರು. ತಿರುಗಿಸಿದರೆ ಎದುರು ಬದಿಯಲ್ಲಿ ಬೇರೊಂದು ಕೈಬರಹದ ದೇವನಾಗರಿ ಅಕ್ಷರ, ಬೇರೊಂದು ಮನೆತನದ ಹೆಸರು. ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡ ಹಳ್ಳಿಯಲ್ಲಿ ಹುಟ್ಟಿದ ಪಾತ್ರೆ ಸೊಲ್ಲಾಪುರದ ಪೇಠೆಯ ಮರಾಠಿ ಮನೆಗೆ ಬಂದದ್ದನ್ನು ಈ ಎರಡು ಸಾಲು ಹೇಳುತ್ತವೆ. ಅದಕ್ಕೆ ಬೇರೆ ದಾಖಲೆ ಇಲ್ಲ.

ಹೆಸರು ಹಾಕಿಸುತ್ತಿದ್ದದ್ದು ಅಭಿಮಾನಕ್ಕಷ್ಟೇ ಅಲ್ಲ. ಹಳ್ಳಿಯಲ್ಲಿ ಮದುವೆ ಬಂತೆಂದರೆ ಓಣಿಯ ಪಾತ್ರೆಯೆಲ್ಲ ಒಂದೇ ಚಪ್ಪರದ ಕೆಳಗೆ ಸೇರುತ್ತಿತ್ತು. ಊಟ ಮುಗಿದ ಮೇಲೆ ಯಾರ ಹಂಡೆ ಯಾರ ಮನೆಗೆ ಎಂಬ ಜಗಳ ಹರಿಸುತ್ತಿದ್ದದ್ದು ಆ ಚುಕ್ಕಿಗಳೇ. ಈಗ ಮದುವೆ ಮಂಗಲ ಕಾರ್ಯಾಲಯಕ್ಕೆ ಹೋಗಿದೆ, ಪಾತ್ರೆ ಬಾಡಿಗೆಗೆ ಬರುತ್ತದೆ, ಮನೆಗಳು ಪಾಲಾಗಿ ಫ್ಲ್ಯಾಟಿಗೆ ಏರಿವೆ. ಹತ್ತು ಕೊಡ ನೀರು ಹಿಡಿಯುವ ಹಂಡೆಗೆ ಅಲ್ಲಿ ಜಾಗವಿಲ್ಲ. ಮಾರುವ ಮನೆಯವರನ್ನು ದೂರುವಂತಿಲ್ಲ. ಮೋಡಕಾದಿಂದ ಅದು ಭಟ್ಟಿಗೆ ಹೋದರೆ ಹೆಸರು ಒಂದೇ ದಿನದಲ್ಲಿ ಕರಗುತ್ತದೆ. ದಲ್ಲಾಳಿಯ ಕೈಗೆ ಸಿಕ್ಕರೆ ಪಾಲಿಶ್ ಯಂತ್ರಕ್ಕೆ ಹಿಡಿದು ಚುಕ್ಕಿ ಸವೆಸುತ್ತಾರೆ. ಆಮೇಲೆ ಯಾವುದೋ ಹೊಟೇಲಿನ ಬಾಗಿಲಲ್ಲಿ ಅದು ಹೂವು ತೇಲಿಸುವ ಬಟ್ಟಲಾಗುತ್ತದೆ.

ಕೊಂಡು ತಂದ ಪಾತ್ರೆಗೆ ಕಲಾಯಿ ಬೇಕು. ತಾಮ್ರ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಬಿಡುತ್ತದೆ, ಅದು ಹೊಟ್ಟೆಗೆ ವಿಷ. ಕಲಾಯಿಯವರು ಈಗ ಕಡಿಮೆ, ಆದರೂ ವಿಚಾರಿಸಿದರೆ ಸಿಗುತ್ತಾರೆ. ನೆಲದಲ್ಲಿ ಗೇಣುದ್ದದ ಕುಣಿ, ಅದರಲ್ಲಿ ಇದ್ದಿಲು, ಕೈಯಿಂದ ತಿರುಗಿಸುವ ಗಾಳಿಯಂತ್ರ. ಮರಳು ಹಾಕಿ ತಿಕ್ಕಿದ ಪಾತ್ರೆಯನ್ನು ಚಿಮಟಿಗೆಯಲ್ಲಿ ಹಿಡಿದು ಕೆಂಡದ ಮೇಲೆ ಸುತ್ತಿಸುತ್ತಾರೆ. ಸರಿಯಾಗಿ ಕಾದಾಗ ನವಸಾಗರದ ಪುಡಿ ಉದುರಿಸಿದರೆ ಮೂಗಿಗೆ ಹೊಡೆಯುವ ಬಿಳಿ ಹೊಗೆ ಏಳುತ್ತದೆ. ಆ ಹೊಗೆ ಇಳಿಯುವುದರೊಳಗೆ ತವರದ ಕಡ್ಡಿ ಮುಟ್ಟಿಸಿ, ಅರಳೆಯ ಉಂಡೆಯಿಂದ ಒಂದೇ ಎಳೆತಕ್ಕೆ ಒಳಗೆಲ್ಲ ಸವರಬೇಕು. ಕಂದು ಬಣ್ಣದ ಹೊಟ್ಟೆಯೊಳಗೆ ಬೆಳ್ಳಿ ಹರಡುವ ಆ ಗಳಿಗೆಯನ್ನು ನೋಡಲು ಓಣಿಯ ಮಕ್ಕಳು ಈಗಲೂ ಸುತ್ತ ನೆರೆಯುತ್ತಾರೆ. ಒಂದು ಮಾತು ಮೊದಲೇ ಹೇಳಿಡಬೇಕು: ಹೊರಮೈ ಮುಟ್ಟಬೇಡಿ, ಹೆಸರು ಹಾಗೇ ಇರಲಿ.

ಹೊಲಿಗೆ ಯಂತ್ರಗಳ ಕಥೆ ಬೇರೆ. ಗಿರಣಿಗಳ ಕಾಲ ಮುಗಿದ ಮೇಲೆ ಸೊಲ್ಲಾಪುರ ಶಾಲಾ ಸಮವಸ್ತ್ರ ಹೊಲಿಯುವ ಊರಾಗಿ ಹೆಸರು ಮಾಡಿದೆ. ಆ ಕಾರ್ಖಾನೆಗಳಲ್ಲಿ ಓಡುವುದು ಮೋಟಾರಿನ ಯಂತ್ರ. ಅದಕ್ಕೇ ಮನೆಗಳಲ್ಲಿದ್ದ ಕಾಲ್ತುಳಿತದ ಮಷೀನುಗಳು ಹಳೇ ಸಾಮಾನಿನ ಅಂಗಡಿಗಳ ಮುಂದೆ ಧೂಳು ಹಿಡಿದು ನಿಂತಿವೆ. ಕಪ್ಪು ಮೈಯ ಮೇಲೆ ಬಂಗಾರದ ಬಣ್ಣದ ಬಳ್ಳಿ ಇರುವ ಸಿಂಗರ್ ಕಂಡರೆ ಬಗ್ಗಿ ಸಂಖ್ಯೆ ನೋಡಿ. ವೈ ಅಕ್ಷರದಿಂದ ಶುರುವಾಗಿದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ತಯಾರಾದದ್ದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಚಕ್ರ ಜಗ್ಗದಿದ್ದರೆ ಹೆದರಬೇಕಿಲ್ಲ. ಬಹಳ ಸಲ ಹಳೇ ಎಣ್ಣೆ ಗಟ್ಟಿಯಾಗಿರುತ್ತದೆ ಅಷ್ಟೇ. ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಮರುದಿನ ಮಷೀನಿನ ಎಣ್ಣೆ ಹಾಕಿ ಚರ್ಮದ ಪಟ್ಟಿ ಬದಲಿಸಿದರೆ ತಿರುಗುತ್ತದೆ. ಕೆಳಗಿನ ಎರಕದ ಕಾಲುಗಳನ್ನು ಬಿಡಿಸಿಕೊಂಡು ಮೇಲೆ ಗಾಜು ಕೂರಿಸಿ ಟೇಬಲ್ಲು ಮಾಡಿ ಮಾರುವವರು ಬಂದಿದ್ದಾರೆ. ಕಾಲು ಟೇಬಲ್ಲಿಗೆ, ತಲೆ ಮೋಡಕಾಕ್ಕೆ. ಹರಿದ ಪಾಟೀಚೀಲ, ಬಿಚ್ಚಿದ ಅಂಗಿಯ ಬಗಲು, ಎಂಥದ್ದನ್ನೂ ಕರೆಂಟಿಲ್ಲದೆ ಹೊಲಿಯುವ ಯಂತ್ರವನ್ನು ಹೀಗೆ ಕೊಯ್ದು ಮಾರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಚಾದರದ ಮಾತು ಬಿಟ್ಟರೆ ಸೊಲ್ಲಾಪುರದವರು ಸುಮ್ಮನಿರುವುದಿಲ್ಲ. ಜೆಕಾರ್ಡ್ ಮಗ್ಗದ ಹಳೇ ಚಾದರದಲ್ಲಿ ಎರಡು ಪದರ. ಒಂದು ಮಗ್ಗುಲಲ್ಲಿ ಕೆಂಪು ನೆಲದ ಮೇಲೆ ಬಿಳಿ ನವಿಲಿದ್ದರೆ ಇನ್ನೊಂದು ಮಗ್ಗುಲಲ್ಲಿ ಬಿಳಿ ನೆಲದ ಮೇಲೆ ಕೆಂಪು ನವಿಲು. ಈ ಚಾದರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೂ ಬೇರೆ ಊರುಗಳಲ್ಲಿ ನೇಯ್ದದ್ದು ಸೊಲ್ಲಾಪುರದ ಹೆಸರಿನಲ್ಲಿ ಎಲ್ಲೆಡೆ ಮಾರಾಟವಾಗುತ್ತದೆ. ಅದಕ್ಕೇ ಸಂತೆಯ ಅಂಚಿನ ಹಳೇ ಬಟ್ಟೆಯ ಗುಡ್ಡೆಯಲ್ಲಿ ಅಪ್ಪಟ ಹತ್ತಿಯ ಹಳೇ ಚಾದರ ಸಿಕ್ಕರೆ ಬಿಡಬಾರದು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಹತ್ತಿ ಸುಕ್ಕು ಹಿಡಿಯುತ್ತದೆ, ಪಾಲಿಯೆಸ್ಟರ್ ಬೆರೆತದ್ದು ಜಾರುತ್ತದೆ. ಒಗೆದಷ್ಟೂ ಮೆತ್ತಗಾಗುವ ಬಟ್ಟೆ ಅದು. ತೀರ ಜೀರ್ಣವಾದರೂ ಅದರ ಆಯುಷ್ಯ ಮುಗಿಯುವುದಿಲ್ಲ. ಅಕ್ಕಲಕೋಟೆಯ ಹಳ್ಳಿಗಳಲ್ಲಿ ಅಂಥ ಚಾದರವನ್ನು ಒಳಗಿಟ್ಟು, ಮೇಲೆ ಕೆಳಗೆ ಹಳೇ ಸೀರೆ ಹಾಸಿ, ಉದ್ದ ದಾರದ ಸಾಲು ಹೊಲಿಗೆಯಲ್ಲಿ ಕೌದಿ ಮಾಡುತ್ತಾರೆ.

ಸೊಲ್ಲಾಪುರದಿಂದ ಅಕ್ಕಲಕೋಟೆ ಸುಮಾರು ನಲವತ್ತು ಕಿಲೋಮೀಟರು. ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಯಾಗುವವರೆಗೆ ನೆಲೆಸಿದ್ದ ಊರು. ವಟವೃಕ್ಷ ಮಂದಿರದ ಸುತ್ತ ಹೊಸ ತಾಮ್ರದ ತಂಬಿಗೆ, ಹೊಸ ಹಿತ್ತಾಳೆಯ ಮೂರ್ತಿಗಳ ಅಂಗಡಿಗಳು ಮಿಂಚುತ್ತವೆ. ಊರ ಒಳಗೆ ನಡೆದರೆ ಹಳೇ ವಾಡೆಗಳನ್ನು ಬಿಚ್ಚುತ್ತಿರುವ ಸದ್ದು. ಸಾಗವಾನಿಯ ಕಂಬ, ತೊಲೆ, ಹಿತ್ತಾಳೆ ಗುಬ್ಬಿಯ ಕದಗಳು ಗೋಡೆಗೆ ಆನಿಸಿ ನಿಂತಿರುತ್ತವೆ, ಮೈಮೇಲೆ ಸೀಮೆಸುಣ್ಣದಲ್ಲಿ ರೇಟು. ಇದೇ ಊರಿನಲ್ಲಿ ಭೋಸಲೆ ಅರಸರ ಶಸ್ತ್ರಾಗಾರವಿದೆ. ಕತ್ತಿ, ಬಂದೂಕು, ಗುರಾಣಿಗಳನ್ನು ಜೋಪಾನವಾಗಿ ಜೋಡಿಸಿಟ್ಟಿದ್ದಾರೆ, ನೋಡಿ ಬರುವಂಥದ್ದು. ಅರಸರ ಕತ್ತಿಗೆ ಕಾಯುವವರಿದ್ದಾರೆ. ರೊಟ್ಟಿ ಬಡಿದವರ ಕಲಬತ್ತು ಕೊಣಮಿಗೆ ಕಾಯುವ ಮನೆ ಯಾವುದೂ ಇಲ್ಲ. ಅವುಗಳ ಸಂಗ್ರಹಾಲಯ ನಮ್ಮ ನಮ್ಮ ಅಡಿಗೆಮನೆಯೇ.

ಇಲ್ಲಿನ ಒಂದು ಮನೆಯ ಹಿತ್ತಿಲಲ್ಲಿ ತಾಮ್ರದ ಬಂಬ ನೋಡಿದೆ. ನಡುವೆ ಕೆಂಡದ ಕೊಳವೆ, ಸುತ್ತ ನೀರು, ಕೆಳಗೆ ಬೂದಿ ಬೀಳುವ ಜಾಳಿಗೆ, ಮಗ್ಗುಲಿಗೆ ಹಿತ್ತಾಳೆಯ ನಳ. ಹಿಂದೆ ಒಂದು ವಾಡೆ ಬಿಚ್ಚಿದಾಗ ಆ ಮನೆಯ ಅಜ್ಜಿ ತೂಕದ ಮೇಲೆ ಕೊಂಡದ್ದು. ಪುಣೆಯಿಂದ ಬಂದ ವ್ಯಾಪಾರಿ ಅದಕ್ಕೆ ಕೊಂಡದ್ದರ ಎಷ್ಟೋ ಪಟ್ಟು ಕೊಡುತ್ತೇನೆಂದು ಕೂತಿದ್ದ.

“ಅಜ್ಜಿ, ಕೊಟ್ಟಬಿಡ್ರಿ. ಈ ರೊಕ್ಕದಾಗ ಗೀಝರ್ ಬರ್ತದ.”

“ಗೀಝರಿಗೆ ಕರೆಂಟ ಯಾರ ಕೊಡ್ತಾರಪ್ಪ? ಹುಣ್ಣಿವಿಗೆ ದರ್ಶನಕ್ಕ ಬಂದ ಬೀಗರು ಎಲ್ಲಾರೂ ಇಲ್ಲೇ ಇಳೀತಾರ. ನಸುಕಿನ್ಯಾಗ ಅವರಿಗೆ ಬಿಸಿನೀರ ಎಲ್ಲಿಂದ ತರ್ಲಿ?”

ಅವನು ಇನ್ನಷ್ಟು ಏರಿಸಿದ. ಅಜ್ಜಿ ಜೋಳದ ಕಣಿಕೆ ಮುರಿದು ಕೊಳವೆಗೆ ಹಾಕುತ್ತಲೇ ಇದ್ದರು.

ನನ್ನ ಮನಸ್ಸು ಹೆಚ್ಚು ಜಗ್ಗುವುದು ಸೊಲ್ಲಾಪುರದ ರದ್ದಿ ಅಂಗಡಿಗಳ ಕಡೆಗೆ. ಹಿತ್ತಾಳೆ ಬಿದ್ದಿದ್ದರೂ ಹಿತ್ತಾಳೆಯೇ, ಕಾಗದಕ್ಕೆ ಆ ಬಾಳಿಕೆ ಇಲ್ಲ. ಸೊಲ್ಲಾಪುರ ಎಂಥ ಕನ್ನಡದ ಊರು ಎಂಬುದನ್ನು ಇಲ್ಲಿಯ ಹೊಸ ಹುಡುಗರಿಗೂ ಹೇಳಬೇಕಾಗಿ ಬಂದಿದೆ. ವಚನಕಾರ ಸಿದ್ಧರಾಮನ ಸೊನ್ನಲಿಗೆ ಇದು. 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇಲ್ಲಿ. ಬೇಂದ್ರೆಯವರು 1944ರಿಂದ 1956ರವರೆಗೆ ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. 1974ರ ಮಂಡ್ಯ ಸಮ್ಮೇಳನದಲ್ಲಿ ಅಧ್ಯಕ್ಷಪೀಠ ಏರಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆ ಈ ಊರಿನ ಮಗಳು. ಆ ತಲೆಮಾರಿನ ಮನೆಗಳಲ್ಲಿ ಕಪಾಟುಗಟ್ಟಲೆ ಕನ್ನಡವಿತ್ತು. ಹಿರಿಯರು ತೀರಿಕೊಂಡಿದ್ದಾರೆ, ಮೊಮ್ಮಕ್ಕಳು ಮರಾಠಿ ಅಥವಾ ಇಂಗ್ಲಿಷ್ ಓದಿದವರು. ಮನೆ ಖಾಲಿ ಮಾಡುವಾಗ ಕಪಾಟು ಬಡಗಿಗೆ ಹೋಗುತ್ತದೆ, ಒಳಗಿನದು ರದ್ದಿಗೆ.

ರದ್ದಿಯ ಕಟ್ಟು ಬಿಚ್ಚಿದರೆ ಏನೆಲ್ಲ ಬರುತ್ತದೆ! ಧಾರವಾಡದ ಮನೋಹರ ಗ್ರಂಥಮಾಲೆಯ ಪುಸ್ತಕಗಳು, ರಟ್ಟು ಹೋಗಿ ಹೊಲಿಗೆ ಮಾತ್ರ ಉಳಿದವು. ಫ.ಗು. ಹಳಕಟ್ಟಿಯವರು ವಿಜಾಪುರದಿಂದ 1926ರಲ್ಲಿ ಶುರುಮಾಡಿದ ‘ಶಿವಾನುಭವ’ದ ಬಿಡಿ ಸಂಚಿಕೆಗಳು. ಅವನ್ನು ಅಚ್ಚುಹಾಕಿದ ಹಿತಚಿಂತಕ ಮುದ್ರಣಾಲಯಕ್ಕೆ ಹಳಕಟ್ಟಿಯವರು ಇದ್ದದ್ದೆಲ್ಲ ಸುರಿದಿದ್ದರು. ಆ ಅಚ್ಚಿನ ಗುರುತು ಕಾಗದದ ಬೆನ್ನಿನ ಮೇಲೆ ಒತ್ತಿ ಎದ್ದಿರುತ್ತದೆ, ಕಣ್ಣು ಮುಚ್ಚಿ ಬೆರಳಾಡಿಸಿದರೂ ಸಾಲು ತಿಳಿಯುತ್ತದೆ. ಇವುಗಳ ನಡುವೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಕನ್ನಡ ಶಾಲೆಗಳಿಗಾಗಿ ಅಚ್ಚು ಹಾಕಿಸಿದ ಬಾಲಭಾರತಿಗಳು. ಬೆಂಗಳೂರಿನ ಯಾವ ಹಳೇ ಪುಸ್ತಕದಂಗಡಿಯಲ್ಲೂ ಇವನ್ನು ಕೇಳುವವರಿಲ್ಲ, ಮಾರಿದರೆ ಬಿಡಿಗಾಸು ಹುಟ್ಟುವುದಿಲ್ಲ. ಆದರೆ ಗಡಿಯ ಈಚೆ ಕನ್ನಡದಲ್ಲಿ ಓದಿದ ಒಂದು ಮಗು, ನಾಲ್ಕನೆಯ ಪಾಠದ ಅಂಚಿನಲ್ಲಿ ಕಠಿಣ ಶಬ್ದಗಳಿಗೆ ಮರಾಠಿ ಅರ್ಥವನ್ನು ಪೆನ್ಸಿಲಿನಲ್ಲಿ ಬರೆದುಕೊಂಡದ್ದು ಅಲ್ಲಿ ಮಾತ್ರ ಸಿಗುತ್ತದೆ. ಹಳೇ ‘ಶಿವಾನುಭವ’ಕ್ಕೆ ಸಂಗ್ರಹಕಾರರಿಂದ ಒಳ್ಳೆಯ ಬೆಲೆ ಬಂದೀತು, ಬರಲಿ. ನಾನಂತೂ ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟಿದ್ದೇನೆ. ಬಿಸಿಲಲ್ಲಿ ಅಲ್ಲ, ನೆರಳಲ್ಲಿ ಗಾಳಿಗೆ ಹಾಸಿ, ಹಾಳೆ ಹಾಳೆ ಬಿಡಿಸಿ ಧೂಳು ಕೊಡವಿ, ಒಣಗಿದ ಬೇವಿನೆಲೆ ಇಟ್ಟು ಹತ್ತಿ ಬಟ್ಟೆಯಲ್ಲಿ ಸುತ್ತಬೇಕು. ಪ್ಲಾಸ್ಟಿಕ್ ಚೀಲ ಬೇಡ, ಸೊಲ್ಲಾಪುರದ ಸೆಖೆಗೆ ಒಳಗೆ ಬೆವರುತ್ತದೆ. ಓದಲು ಕೇಳಿದವರಿಗೆ ಕೊಡುತ್ತೇನೆ, ಹೆಸರು ಬರೆದಿಟ್ಟುಕೊಂಡು.

ರದ್ದಿಯಂಗಡಿಯ ಕಾಕಾ ಕನ್ನಡ ಓದಲಾರರು. ಆದರೆ ಅಕ್ಷರದ ದುಂಡು ನೋಡಿ ಗುರುತು ಹಿಡಿಯುತ್ತಾರೆ, ಅಂಥದ್ದನ್ನು ತಕ್ಕಡಿಯ ಹಿಂದೆ ಬೇರೆ ಕಟ್ಟಿಡುತ್ತಾರೆ. ಮೊನ್ನೆ ಹಣ ಎಣಿಸಿ ಕೊಡುವಾಗ ಅವರೇ ಮಾತು ತೆಗೆದರು. ದುಧನಿ ಕಡೆಯ ಒಬ್ಬ ಮಾಸ್ತರರ ಮನೆಯಿಂದ ಎರಡು ಟ್ರಂಕು ಬರುವುದಿದೆಯಂತೆ, ಪೂರಾ ಕನ್ನಡವಂತೆ.

“ಇಡ್ರಿ ಕಾಕಾ, ಯಾರಿಗೂ ಕೊಡಬ್ಯಾಡ್ರಿ” ಎಂದೆ.

“ಇಡಾಕ ಜಾಗಾ ಎಲ್ಲೈತ್ರಿ? ಮುಂಜಾನೆ ಏಳಕ್ಕ ಬಂದಬಿಡ್ರಿ. ಎಂಟಕ್ಕ ಪಲ್ಪಿನ ಟೆಂಪೋ ಬರ್ತೈತಿ.”