ಮ್ಯೂಆನ್ ಕಣದ ಲೆಕ್ಕಾಚಾರವೂ ಸೃಷ್ಟಿಯ ಬೋಧನೆಯೂ

ವಿಜ್ಞಾನಕ್ಕೆ ಉತ್ತರ ದೊರೆಯದ ಸ್ಥಳವನ್ನು ಹುಡುಕಿ, ಅಲ್ಲಿಯೇ ದೇವರ ಹಸ್ತವನ್ನು ತೋರಿಸುವ ವಾಡಿಕೆ ನಮ್ಮ ಪ್ರಸಂಗಗಳಲ್ಲಿ ಅಪರೂಪವೇನಲ್ಲ. ಈ ವಾಡಿಕೆ ಎಷ್ಟು ದುರ್ಬಲವಾದ ಅಸ್ತಿವಾರದ ಮೇಲೆ ನಿಂತಿದೆ ಎಂಬುದನ್ನು ಕಣಭೌತಶಾಸ್ತ್ರದ ಇತ್ತೀಚಿನ ಒಂದು ಬೆಳವಣಿಗೆ ಸ್ಪಷ್ಟಪಡಿಸುತ್ತದೆ. ಅದು ಮ್ಯೂಆನ್ ಎಂಬ ಕಣಕ್ಕೆ ಸಂಬಂಧಿಸಿದ್ದು.

ಮ್ಯೂಆನ್ ಎಲೆಕ್ಟ್ರಾನಿನ ಜಾತಿಗೆ ಸೇರಿದ ಕಣ. ಅದರ ದ್ರವ್ಯರಾಶಿ ಎಲೆಕ್ಟ್ರಾನಿನ ಸುಮಾರು 207 ಪಟ್ಟು. ಅದರ ಆಯುಸ್ಸು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ಎರಡು ಭಾಗ. ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ಮ್ಯೂಆನ್‌ಗಳು ನಮ್ಮ ದೇಹಗಳನ್ನು ಎಡೆಬಿಡದೆ ಹಾದುಹೋಗುತ್ತಿವೆ. ಕೋಲಾರದ ಚಿನ್ನದ ಗಣಿಗಳ ಆಳದಲ್ಲಿಯೂ ವಿಜ್ಞಾನಿಗಳು ಅವನ್ನು ಎಣಿಸಿದ್ದಾರೆ. ಪ್ರತಿಯೊಂದು ಮ್ಯೂಆನ್ ಅತಿಸೂಕ್ಷ್ಮವಾದ ಅಯಸ್ಕಾಂತದಂತೆ ವರ್ತಿಸುತ್ತದೆ. ಇಂಥ ಕಣಗಳ ಕಾಂತಶಕ್ತಿಯನ್ನು ಸೂಚಿಸುವ ಅಂಕಿ ಸರಿಯಾಗಿ 2 ಎಂಬುದು 1928ರ ಡಿರಾಕ್ ಸಮೀಕರಣದ ಫಲಿತಾಂಶ. ಆದರೆ ಕ್ವಾಂಟಮ್ ಸಿದ್ಧಾಂತದ ಪ್ರಕಾರ ನಿರ್ವಾತವೂ ಬರಿದಲ್ಲ. ಅದರಲ್ಲಿನ ಕ್ಷಣಿಕ ಕಣಗಳ ಪ್ರಭಾವದಿಂದ ಆ ಅಂಕಿ 2ಕ್ಕಿಂತ ತುಸು ಹೆಚ್ಚುತ್ತದೆ. ಈ ಹೆಚ್ಚಳದ ಮೊದಲ ಅಂಶವನ್ನು 1948ರಲ್ಲಿ ಶ್ವಿಂಗರ್ ಲೆಕ್ಕಹಾಕಿದರು. ನಾವರಿಯದ ಕಣವೊಂದು ಜಗತ್ತಿನಲ್ಲಿದ್ದರೆ ಅದರ ಪ್ರಭಾವವೂ ಇಲ್ಲಿ ಸೇರಿರಲೇಬೇಕು. ಆದುದರಿಂದ ಅಳತೆಗೂ ಲೆಕ್ಕಕ್ಕೂ ಹೊಂದಿಕೆಯಾಗದಿದ್ದರೆ ಅದು ಹೊಸ ಭೌತಶಾಸ್ತ್ರದ ಸುಳಿವಾಗಬಲ್ಲದು.

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಅಂಥ ವ್ಯತ್ಯಾಸವೇ ಕಂಡಿತು. 2021ರ ಏಪ್ರಿಲ್ 7ರಂದು ಫರ್ಮಿಲ್ಯಾಬ್ ಪ್ರಕಟಿಸಿದ ಅಳತೆ ಅದನ್ನು ಬಲಪಡಿಸಿತು. ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ಸುಮಾರು 40,000ದಲ್ಲಿ ಒಂದು ಎಂದು ಅಂದಾಜಿಸಲಾಯಿತು. ಸಿದ್ಧಾಂತದಲ್ಲಿ ತೆರಪೊಂದು ಬಿದ್ದಿದೆ ಎಂದು ಅನೇಕರು ಭಾವಿಸಿದರು.

ಲೆಕ್ಕದ ಕಡೆ ಕಷ್ಟವಾಗಿದ್ದುದು ಕ್ವಾರ್ಕ್‌ಗಳನ್ನು ಬಂಧಿಸುವ ಪ್ರಬಲ ಬಲದ ಪಾಲು. ಸಿದ್ಧಾಂತಿಗಳು 2020ರಲ್ಲಿ ಒಪ್ಪಿಕೊಂಡ ಮೌಲ್ಯವು ಈ ಪಾಲಿಗಾಗಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ಡಿಕ್ಕಿಗಳಲ್ಲಿ ದೊರೆತ ಅಳತೆಗಳನ್ನು ಅವಲಂಬಿಸಿತ್ತು. ಇನ್ನೊಂದು ದಾರಿ 1974ರಲ್ಲಿ ಕೆನೆತ್ ವಿಲ್ಸನ್ ರೂಪಿಸಿದ ಜಾಲಕ ವಿಧಾನ. ಇದರಲ್ಲಿ ದೇಶಕಾಲವನ್ನು ನಾಲ್ಕು ಆಯಾಮಗಳ ಬಲೆಯಂತೆ ಕಲ್ಪಿಸಿ, ಗಂಟುಗಳಲ್ಲಿ ಕ್ವಾರ್ಕ್‌ಗಳನ್ನೂ ಎಳೆಗಳಲ್ಲಿ ಗ್ಲುಆನ್‌ಗಳನ್ನೂ ಇರಿಸಿ, ಮಹಾಗಣಕಗಳಿಂದ ಲೆಕ್ಕ ಮಾಡುತ್ತಾರೆ. ಜಗತ್ತು ಬಲೆಯಲ್ಲವೆಂಬುದು ಅವರಿಗೆ ಗೊತ್ತು. ಆದುದರಿಂದ ಬಲೆಯ ಕಣ್ಣುಗಳನ್ನು ಮತ್ತೆ ಮತ್ತೆ ಕಿರಿದುಮಾಡಿ, ಬಲೆಯೇ ಇಲ್ಲದಿದ್ದರೆ ಉತ್ತರವೇನಾಗುತ್ತಿತ್ತು ಎಂಬುದನ್ನು ನಿರ್ಣಯಿಸುತ್ತಾರೆ. ಫರ್ಮಿಲ್ಯಾಬಿನ ಪ್ರಕಟಣೆಯ ದಿನವೇ ಹೊರಬಂದ ಇಂಥದೊಂದು ಲೆಕ್ಕ ಅಳತೆಗೆ ಬಹಳ ಸಮೀಪವಾಗಿತ್ತು. ಬೇರೆ ತಂಡಗಳ ಜಾಲಕ ಲೆಕ್ಕಗಳೂ ಕ್ರಮೇಣ ಅದೇ ದಿಕ್ಕಿಗೆ ಬಂದವು. 2025ರಲ್ಲಿ ಸಿದ್ಧಾಂತಿಗಳು ಜಾಲಕ ವಿಧಾನದ ಮೌಲ್ಯವನ್ನೇ ಅಂಗೀಕರಿಸಿದರು. ಅದೇ ವರ್ಷ ಜೂನ್ 3ರಂದು ಫರ್ಮಿಲ್ಯಾಬ್ ತನ್ನ ಅಂತಿಮ ಅಳತೆಯನ್ನು ಪ್ರಕಟಿಸಿತು; ಅದರ ಅನಿಶ್ಚಿತತೆ ನೂರು ಕೋಟಿಯಲ್ಲಿ 127 ಭಾಗ ಮಾತ್ರ. ಅಳತೆಯೂ ಲೆಕ್ಕವೂ ಈಗ ಹೊಂದುತ್ತವೆ. ಆದರೂ ಡಿಕ್ಕಿಗಳ ಹಳೆಯ ಅಳತೆಗಳಿಗೂ 2023ರಲ್ಲಿ ರಷ್ಯದ ನೊವೊಸಿಬಿರ್ಸ್ಕ್‌ನಿಂದ ಬಂದ ಹೊಸ ಅಳತೆಗೂ ಇರುವ ಭಿನ್ನತೆಯ ಕಾರಣ ಇನ್ನೂ ಬಗೆಹರಿದಿಲ್ಲ.

2021ರ ತೆರಪಿನಲ್ಲಿ ಯಾರಾದರೂ ದೇವರನ್ನು ಪ್ರತಿಷ್ಠಿಸಿದ್ದರೆ, ನಾಲ್ಕೇ ವರ್ಷಗಳಲ್ಲಿ ಆ ದೇವರಿಗೆ ಸ್ಥಳವಿಲ್ಲದಂತಾಗುತ್ತಿತ್ತು. ಅವರ ಮಾತನ್ನು ನಂಬಿದ ವಿದ್ಯಾವಂತ ಯುವಜನರ ವಿಶ್ವಾಸಕ್ಕೂ ಪೆಟ್ಟು ಬೀಳುತ್ತಿತ್ತು. ಬಾನ್‌ಹೋಫರ್ 1944ರಲ್ಲಿ ಬರ್ಲಿನ್ನಿನ ಸೆರೆಮನೆಯಲ್ಲಿ ಭೌತಶಾಸ್ತ್ರದ ಗ್ರಂಥವೊಂದನ್ನು ಓದುತ್ತಾ ಬರೆದ ಪತ್ರದಲ್ಲಿ ಇದೇ ಎಚ್ಚರಿಕೆಯನ್ನು ಕೊಟ್ಟರು: ದೇವರನ್ನು ನಮ್ಮ ಅಜ್ಞಾನದ ತೆರಪಿಗೆ ತುಂಬಿದರೆ, ಜ್ಞಾನ ಬೆಳೆದಂತೆಲ್ಲ ಆತನು ಹಿಂದೆ ಸರಿಯುತ್ತಿರುವಂತೆ ತೋರುತ್ತದೆ, ಆತನನ್ನು ಕಾಣಬೇಕಾದದ್ದು ನಾವು ಅರಿತಿರುವುದರಲ್ಲಿ.

ಅಪೊಸ್ತಲ ಪೌಲನ ಮಾದರಿಯೂ ಇದೇ. ಅಥೇನೆಯಲ್ಲಿ ತಿಳಿಯದ ದೇವರಿಗೆ ಕಟ್ಟಿದ ಬಲಿಪೀಠವನ್ನು ಆತನು ಕಂಡನು. ಆದರೆ ಆ ತಿಳಿಯದಿರುವಿಕೆಯಲ್ಲಿಯೇ ದೇವರನ್ನು ಬಿಟ್ಟುಬಿಡಲಿಲ್ಲ. ಸಕಲರಿಗೂ ಜೀವಶ್ವಾಸಗಳನ್ನು ಕೊಡುವಾತನೆಂದು ಸಾರಿದನು. ಸೃಷ್ಟಿಕರ್ತನು ಕಾರಣಗಳ ಸರಪಳಿಯಲ್ಲಿ ಕಳಚಿಹೋದ ಒಂದು ಕೊಂಡಿಯಲ್ಲ. ಸರಪಳಿಯೆಲ್ಲವೂ ಆತನ ಆಧಾರದಿಂದ ಇದೆ. ಹೀಗಿರುವಾಗ ಲೆಕ್ಕ ಹೊಂದಿತೆಂದು ದೇವರನ್ನು ನಿರಾಕರಿಸುವುದಕ್ಕೂ ಆಧಾರವಿಲ್ಲ, ಹೊಂದಲಿಲ್ಲವೆಂದು ಸ್ಥಾಪಿಸುವುದಕ್ಕೂ ಇಲ್ಲ.

ಈ ಪ್ರಯೋಗದ ಒಂದು ಶಿಸ್ತನ್ನು ಬೋಧಕರಾದ ನಾವು ವಿಶೇಷವಾಗಿ ಗಮನಿಸಬೇಕು. ಅಳತೆಗೆ ಬಳಸಿದ ಗಡಿಯಾರದ ನಿಜವಾದ ವೇಗವನ್ನು ತಂಡಕ್ಕೆ ಸೇರದ ಇಬ್ಬರು ಲಕೋಟೆಯಲ್ಲಿ ಗುಪ್ತವಾಗಿಟ್ಟಿದ್ದರು. ತಮಗೆ ಬೇಕಾದ ಉತ್ತರದ ಕಡೆಗೆ ತಮ್ಮ ಮನಸ್ಸು ವಾಲದಿರಲೆಂದು ತಂಡದವರೇ ಈ ನಿರ್ಬಂಧವನ್ನು ಒಪ್ಪಿಕೊಂಡಿದ್ದರು. ವಿಶ್ಲೇಷಣೆ ಮುಗಿದ ಮೇಲೆಯೇ ಲಕೋಟೆ ತೆರೆಯಿತು. ಪ್ರಸಂಗಕ್ಕಾಗಿ ಸತ್ಯವೇದವನ್ನು ತೆರೆಯುವಾಗ, ವಚನವು ಏನು ಹೇಳಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳುವ ಶೋಧನೆ ನಮಗೂ ಉಂಟು. ವಿಜ್ಞಾನದ ವಾರ್ತೆಯನ್ನು ಪ್ರಸಂಗಪೀಠಕ್ಕೆ ತರುವಾಗ ಅದು ಇನ್ನೂ ಹೆಚ್ಚು. ಎರಡು ಕಡೆಯೂ ಸತ್ಯದ ದೇವರನ್ನು ಸೇವಿಸುವ ನಮಗೆ ಆ ವಿಜ್ಞಾನಿಗಳಿಗಿಂತ ಕಡಿಮೆಯಾದ ಪ್ರಾಮಾಣಿಕತೆ ತಕ್ಕದ್ದಲ್ಲ.