ಕಂಠದ ಗ್ರಂಥಿಯೂ ಕಾರುಣ್ಯದ ವೈದ್ಯನೂ

ಕೆಲವು ವ್ಯಾಧಿಗಳು ಸಿಡಿಲಿನಂತೆ ಬಂದೆರಗುತ್ತವೆ; ಕೆಲವು ಗೆದ್ದಲಿನಂತೆ ಒಳಗೊಳಗೇ ತಿನ್ನುತ್ತವೆ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯವು ಎರಡನೆಯ ಬಗೆಗೆ ಸೇರಿದುದು. ಕಂಠದ ಮುಂಭಾಗದಲ್ಲಿ ಶ್ವಾಸನಾಳವನ್ನು ತಬ್ಬಿಕೊಂಡು, ರೆಕ್ಕೆ ಬಿಚ್ಚಿದ ಪಾತರಗಿತ್ತಿಯಂತಿರುವ ಈ ಗ್ರಂಥಿಗೆ ಗುರಾಣಿ ಎಂಬರ್ಥದ ಗ್ರೀಕ್ ಪದದಿಂದ ಹೆಸರು ಬಂದಿದೆ. ಕೊರಳಿನ ಈ ಬಾವನ್ನು ನಮ್ಮ ಪ್ರಾಚೀನರು ‘ಗಳಗಂಡ’ವೆಂದು ಕರೆದರು, ಗಳವೆಂದರೆ ಕೊರಳು, ಗಂಡವೆಂದರೆ ಬಾವು. ಇದು ಸ್ರವಿಸುವ ರಸವು ದೇಹದ ಶಾಖ, ಹೃದಯದ ಬಡಿತ, ಜೀರ್ಣಶಕ್ತಿ, ಮನಸ್ಸಿನ ಲವಲವಿಕೆ ಇವೆಲ್ಲಕ್ಕೂ ಹದವನ್ನು ನೀಡುತ್ತದೆ.

ರಸವು ಮಿತಿಮೀರಿದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಉಣ್ಣುತ್ತಿದ್ದರೂ ಮೈ ಇಳಿಯುತ್ತದೆ. ಕಡಿಮೆಯಾದರೆ ಆಯಾಸ, ಜಡತೆ, ಚಳಿ ತಾಳಲಾರದ ಸ್ಥಿತಿ, ಮಲಬದ್ಧತೆ, ಕೂದಲುದುರುವಿಕೆ, ಒರಟಾದ ಚರ್ಮ, ದಪ್ಪಗಾದ ದನಿ, ಮುಟ್ಟಿನ ಏರುಪೇರು ಮತ್ತು ಕಾರಣವಿಲ್ಲದ ಖಿನ್ನತೆ ತೋರುತ್ತವೆ. ಇವುಗಳಲ್ಲಿ ಯಾವೊಂದೂ ಈ ರೋಗದ ಸ್ವಂತ ಸೊತ್ತಲ್ಲ ಎಂಬುದೇ ಇಲ್ಲಿನ ತೊಡಕು.

ಈ ರೋಗವು ಗಂಡಸರಿಗಿಂತ ಹೆಂಗಸರನ್ನು ಹೆಚ್ಚಾಗಿ ಬಾಧಿಸುತ್ತದೆ. ಕಾಗವಾಡ ತಾಲ್ಲೂಕಿನ ಮಂಗಸೂಳಿಯಂತಹ ಊರಿನಲ್ಲಿ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಹೊತ್ತೇರುವಷ್ಟರಲ್ಲಿ ಕಬ್ಬಿನ ಹೊಲ ಸೇರುವ ಹೆಣ್ಣುಮಗಳಿಗೆ ಹಾಸಿಗೆಯಿಂದ ಏಳಲಾಗದಿದ್ದರೆ ಮನೆಯವರು ಏನೆಂದಾರು? ಕಾಯಕವೇ ದೊಡ್ಡದೆಂದು ನಂಬಿದ ನಾಡಿನಲ್ಲಿ ಮೈಗಳ್ಳಿ ಎಂಬ ಮಾತಿಗಿಂತ ಕ್ರೂರವಾದ ನಿಂದೆ ಬೇರೊಂದಿಲ್ಲ. ವೈದ್ಯನೂ ಆ ಮಾತನ್ನೇ ನಯವಾಗಿ ತಿರುಗಿಸಿ, ವಯಸ್ಸಿನ ಪ್ರಭಾವವೆಂದೋ ಚಿಂತೆ ಬಿಟ್ಟರೆ ಸರಿಹೋಗುತ್ತದೆಂದೋ ಹೇಳಿ ಶಕ್ತಿಗುಳಿಗೆ ಕೊಟ್ಟು ಕಳುಹಿಸಿದರೆ ಆಕೆಗೆ ಮೊರೆಯಿಡಲು ಮತ್ತೊಂದು ಬಾಗಿಲು ಉಳಿಯುವುದಿಲ್ಲ. ವರುಷಗಳು ಹೀಗೆಯೇ ಕಳೆಯಬಹುದು.

ಚರಕಾಚಾರ್ಯರು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದ್ದಾರೆ. ಅವರ ಮತದಲ್ಲಿ ವೈದ್ಯನಿಗೆ ಆರ್ತರಲ್ಲಿ ಕಾರುಣ್ಯವಿರಬೇಕು. ರೋಗಿಗೆ ತನ್ನ ಬಾಧೆಯನ್ನು ತಿಳಿಸಿ ಹೇಳುವ ‘ಜ್ಞಾಪಕತ್ವ’ವಿರಬೇಕು. ಥೈರಾಯ್ಡಿನ ವಿಷಯದಲ್ಲಿ ಈ ಎರಡು ಗುಣಗಳು ಕೂಡಿದಾಗಲೇ ರೋಗವು ಸಿಕ್ಕಿಬೀಳುತ್ತದೆ. “ಯವ್ವಾ, ಎಂದಿನಿಂದ ಹೀಂಗ ಆಗೇತಿ?” ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರುವವನು ಅರ್ಧ ಚಿಕಿತ್ಸೆಯನ್ನು ಅಲ್ಲಿಯೇ ಮುಗಿಸಿದನೆನ್ನಬೇಕು. ಅಂಥವನು ಕೊರಳನ್ನು ಮುಟ್ಟಿ ನೋಡುತ್ತಾನೆ, ನಾಡಿ ಎಣಿಸುತ್ತಾನೆ, ರಕ್ತದಲ್ಲಿ ಟಿ.ಎಸ್.ಎಚ್. ಪರೀಕ್ಷೆ ಮಾಡಿಸುತ್ತಾನೆ. ಫಲಿತಾಂಶ ಸರಿಯಾಗಿದ್ದರೂ ‘ನಿನಗೇನೂ ಆಗಿಲ್ಲ’ ಎಂದು ಕೈಚೆಲ್ಲದೆ, ರಕ್ತಹೀನತೆ ಮೊದಲಾದ ಬೇರೆ ಕಾರಣಗಳನ್ನು ಅರಸುತ್ತಾನೆ.

ಇಂತಹ ವೈದ್ಯನನ್ನು ಎಲ್ಲಿ ಅರಸಬೇಕು? ಆರಂಭವು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಆಗಬಹುದು. ಮುಂದಿನ ಹೆಜ್ಜೆಗೆ ಈ ಭಾಗದ ಜನರ ಕಾಲು ಗಡಿಯಾಚೆಯ ಮಿರಜದ ಕಡೆಗೆ ತಿರುಗುವುದು ಹಳೆಯ ರೂಢಿ. 1894ರಲ್ಲಿ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ ಅವರು ಅಲ್ಲಿ ಆಸ್ಪತ್ರೆಯನ್ನು ಕಟ್ಟಿದಂದಿನಿಂದ ಆ ಊರು ವೈದ್ಯಕ್ಕೆ ಹೆಸರಾಯಿತು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯು 1963ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ಸ್ಥಾಪಿಸಿತು. ಆದರೆ ಕಟ್ಟಡದ ಎತ್ತರದಿಂದ ವೈದ್ಯನನ್ನು ಅಳೆಯಲಾಗದು. ರೋಗಿಯ ಭಾಷೆಯಲ್ಲಿ ಮಾತನಾಡುವವನು, ಪ್ರಶ್ನೆಗೆ ಸಿಡುಕದವನು, ಮರಳಿ ಬರಲು ದಿನ ಗೊತ್ತುಮಾಡಿ ಹೇಳುವವನು ಯೋಗ್ಯನು. ರೋಗಿಯಾದರೂ ಬಾಧೆಗಳನ್ನೂ ಅವು ತೊಡಗಿದ ತಿಂಗಳನ್ನೂ ಒಂದು ಚೀಟಿಯಲ್ಲಿ ಬರೆಸಿಕೊಂಡು, ಹಳೆಯ ಪರೀಕ್ಷೆಯ ಕಾಗದಗಳನ್ನು ಜೋಡಿಸಿಕೊಂಡು, ಮನೆಯವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಒಬ್ಬ ವೈದ್ಯನು ಕೇಳದಿದ್ದರೆ ಇನ್ನೊಬ್ಬನಲ್ಲಿಗೆ ಹೋಗುವುದು ದ್ರೋಹವಲ್ಲ.

1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ಚುಚ್ಚಿ ಒಬ್ಬ ಮಹಿಳೆಗೆ ಚಿಕಿತ್ಸೆ ನೀಡಿದರು. ಜಡಗೊಂಡಿದ್ದ ಆಕೆ ಚೇತರಿಸಿಕೊಂಡು 1919ರವರೆಗೆ ಬಾಳಿದಳು. ಆಕೆಯ ಜಡತೆಯು ಸ್ವಭಾವದೋಷವಲ್ಲ, ರಸದ ಕೊರತೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇಂದು ಥೈರಾಕ್ಸಿನ್ ಎಂಬ ಚಿಕ್ಕ ಗುಳಿಗೆಯೇ ಆ ಕಾರ್ಯವನ್ನು ಮಾಡುತ್ತದೆ. ಅದನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಚಹಾಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ, ನೀರಿನೊಡನೆ ನುಂಗಬೇಕು. ಕಬ್ಬಿಣ ಮತ್ತು ಸುಣ್ಣಾಂಶದ ಗುಳಿಗೆಗಳಿಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಲಿ. ಆರರಿಂದ ಎಂಟು ವಾರಗಳ ತರುವಾಯ ರಕ್ತವನ್ನು ಮರಳಿ ಪರೀಕ್ಷಿಸಿ ಪ್ರಮಾಣವನ್ನು ನಿಶ್ಚಯಿಸುತ್ತಾರೆ. ಗುಣ ಕಂಡಿತೆಂದು ತಾನಾಗಿ ಬಿಡಲಾಗದು. ಗರ್ಭಿಣಿಯಂತೂ ಕೂಡಲೇ ವೈದ್ಯರನ್ನು ಕಾಣಬೇಕು, ಏಕೆಂದರೆ ಕೂಸಿನ ಮಿದುಳಿನ ಬೆಳವಣಿಗೆಗೆ ಈ ರಸವು ಅವಶ್ಯ. ಕೊರಳಲ್ಲಿ ಗಂಟು ಬೆಳೆದರೆ, ನುಂಗಲು ಕಷ್ಟವಾದರೆ ತಡಮಾಡದೆ ತೋರಿಸಬೇಕು.

ಪರಿಚಾರಕನೆಂಬ ಪಾದವನ್ನು ಮರೆಯಲಾಗದು. ಆ ಸ್ಥಾನವು ಮನೆಯವರದು. ವೈದ್ಯನನ್ನು ಅರಸುವ ಮುನ್ನ ಮನೆಯ ಮಂದಿ ‘ಮೈಗಳ್ಳಿ’ ಎಂಬ ಮಾತನ್ನು ನಾಲಗೆಯಿಂದ ಕಿತ್ತೊಗೆಯಲಿ. ದಣಿದವಳ ಮಾತನ್ನು ಮೊದಲು ಮನೆಯು ಕೇಳಿದರೆ ಆಸ್ಪತ್ರೆಯ ದಾರಿ ತಾನಾಗಿ ಹತ್ತಿರವಾಗುತ್ತದೆ.