ಐವತ್ತು ರೂಪಾಯಿಯ ಲಸಿಕೆ: ಶಾಂತಾ ಬಯೋಟೆಕ್ನಿಕ್ಸ್

ಹೆಪಟೈಟಿಸ್-ಬಿ ಯಕೃತ್ತನ್ನು ಹಾಳುಗೆಡಹುವ ಸೋಂಕು. ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ ಅಂಟುತ್ತದೆ. ಅದನ್ನು ತಡೆಯುವ ಲಸಿಕೆ 1980ರ ದಶಕದಲ್ಲೇ ಬಂದಿತ್ತು. ಆದರೆ ಭಾರತಕ್ಕೆ ಆಮದಾಗುತ್ತಿದ್ದ ಲಸಿಕೆಯ ಒಂದು ಡೋಸ್‌ಗೆ ನೂರಾರು ರೂಪಾಯಿ ತೆರಬೇಕಿತ್ತು. ಬೇಕಾದದ್ದು ಮೂರು ಡೋಸ್. ಈ ಬೆಲೆಯನ್ನು ಮುರಿದದ್ದು ಹೈದರಾಬಾದಿನಲ್ಲಿ 1993ರಲ್ಲಿ ಆರಂಭವಾದ ಶಾಂತಾ ಬಯೋಟೆಕ್ನಿಕ್ಸ್.

ಸ್ಥಾಪಕ ಕೆ.ಐ. ವರಪ್ರಸಾದ ರೆಡ್ಡಿ ಓದಿದ್ದು ಎಂಜಿನಿಯರಿಂಗ್. ಕಂಪನಿಗೆ ಇಟ್ಟದ್ದು ತಾಯಿಯ ಹೆಸರು. ಜಿನೀವಾದ ಸಮ್ಮೇಳನವೊಂದರಲ್ಲಿ ಈ ರೋಗದ ತೀವ್ರತೆಯನ್ನು ಅರಿತ ಅವರು ತಂತ್ರಜ್ಞಾನ ಕೊಳ್ಳಲು ಹೊರಟರು. ಅಂಥ ವಿದ್ಯೆ ಭಾರತೀಯರಿಗೆ ದಕ್ಕದು ಎಂಬ ಉತ್ತರ ಸಿಕ್ಕಿತೆಂದು ಅವರೇ ಹೇಳಿಕೊಂಡಿದ್ದಾರೆ. ಇಲ್ಲೇ ತಯಾರಿಸುವ ಹಟ ಹುಟ್ಟಿದ್ದು ಆಗ. ಬಂಡವಾಳಕ್ಕೆ ಕೈಜೋಡಿಸಿದವರು ಒಮಾನ್‌ನ ವಿದೇಶಾಂಗ ಸಚಿವ ಯೂಸುಫ್ ಬಿನ್ ಅಲಾವಿ. ಸಂಶೋಧನೆಗೆ ಮೊದಲು ಉಸ್ಮಾನಿಯಾ ವಿಶ್ವವಿದ್ಯಾಲಯ, ಬಳಿಕ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಜಾಗ ಕೊಟ್ಟವು. ರೆಡ್ಡಿಯವರಿಗೆ 2005ರಲ್ಲಿ ಪದ್ಮಭೂಷಣ ಸಂದಿತು.

ಲಸಿಕೆಯ ತಯಾರಿಗೆ ವೈರಾಣುವನ್ನು ಬೆಳೆಸುವುದಿಲ್ಲ. ಅದರ ಹೊರಮೈಯ ಪ್ರೋಟೀನಿನ ಜೀನನ್ನು ‘ಪಿಕಿಯಾ ಪಾಸ್ಟೋರಿಸ್’ ಎಂಬ ಯೀಸ್ಟ್‌ಗೆ ಸೇರಿಸುತ್ತಾರೆ. ಮೆಥನಾಲ್ ಉಣಿಸಿದಾಗ ಯೀಸ್ಟ್ ಆ ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತದೆ. ಕೋಶಗಳನ್ನು ಒಡೆದು ಪ್ರೋಟೀನನ್ನು ಶುದ್ಧೀಕರಿಸಿ ಲಸಿಕೆ ಮಾಡುತ್ತಾರೆ. ರೋಗ ತರುವ ವೈರಾಣು ಅದರಲ್ಲಿ ಇರುವುದೇ ಇಲ್ಲ.

ಮಾರಾಟಕ್ಕೆ ಮುನ್ನ ಮನುಷ್ಯರ ಮೇಲಿನ ಪ್ರಯೋಗಗಳ ಫಲಿತಾಂಶವನ್ನು ಭಾರತೀಯ ಔಷಧ ಮಹಾನಿಯಂತ್ರಕರು ಒಪ್ಪಬೇಕು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಕೊಳ್ಳಬೇಕಾದರೆ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆಯೂ ಬೇಕು. ಅದಕ್ಕಾಗಿ ಕಾರ್ಖಾನೆಯ ಶುಚಿತ್ವ, ದಾಖಲೆ, ಮಾದರಿಗಳೆಲ್ಲ ತಪಾಸಣೆಗೆ ಒಳಪಡುತ್ತವೆ. ಶಾಂತಾದ ಹೆಪಟೈಟಿಸ್-ಬಿ ಲಸಿಕೆ ‘ಶಾನ್‌ವ್ಯಾಕ್-ಬಿ’ 1997ರ ಆಗಸ್ಟ್‌ನಲ್ಲಿ ಡೋಸ್‌ಗೆ ಸುಮಾರು 50 ರೂಪಾಯಿಯಂತೆ ಮಾರುಕಟ್ಟೆಗೆ ಬಂತು; 2002ರಲ್ಲಿ ಪೂರ್ವಾರ್ಹತೆ ಪಡೆಯಿತು.

ಅನುಮತಿ ಒಮ್ಮೆ ಸಿಕ್ಕರೆ ಶಾಶ್ವತವಲ್ಲ. ಐದು ರೋಗಗಳನ್ನು ತಡೆಯುವ, ಇದೇ ಕಂಪನಿಯ ‘ಶಾನ್5’ ಲಸಿಕೆ 2008ರಲ್ಲಿ ಪೂರ್ವಾರ್ಹತೆ ಗಳಿಸಿತ್ತು. ಕೆಲವು ಸೀಸೆಗಳ ಒಳಗೋಡೆಗೆ ಬಿಳಿ ಗಸಿ ಅಂಟಿದ್ದು ಕಂಡುಬಂದು 2010ರಲ್ಲಿ ಅದನ್ನು ಕಳೆದುಕೊಂಡಿತು. ಅದನ್ನು ಮರಳಿ ಪಡೆದದ್ದು 2014ರಲ್ಲಿ. ಮಕ್ಕಳಿಗೆ ಚುಚ್ಚುವ ಔಷಧಕ್ಕೆ ಇಷ್ಟು ಬಿಗಿ ಕಾವಲು ಇರಲೇಬೇಕು.

ಕಂಪನಿ 2009ರಲ್ಲಿ ಫ್ರಾನ್ಸಿನ ಸನೋಫಿ ಸಮೂಹದ ಕೈಸೇರಿತು. ಬಾಯಿಗೆ ಹಾಕುವ ಕಾಲರಾ ಲಸಿಕೆ ‘ಶಾನ್‌ಕಾಲ್’ಗೆ ಭಾರತದಲ್ಲಿ ಅನುಮತಿ ಸಿಕ್ಕಿದ್ದು ಅದೇ ವರ್ಷ, ಪೂರ್ವಾರ್ಹತೆ 2011ರಲ್ಲಿ. ಜಗತ್ತಿನಲ್ಲಿ ಕಾಲರಾ ಲಸಿಕೆಯ ಕೊರತೆ ತೀವ್ರವಾಗಿ, ತುರ್ತು ಸಂದರ್ಭಗಳಲ್ಲಿ ಎರಡರ ಬದಲು ಒಂದೇ ಡೋಸ್ ಕೊಡುವ ತೀರ್ಮಾನ 2022ರಲ್ಲಿ ಆಯಿತು. ಅಂಥ ಹೊತ್ತಿನಲ್ಲೇ ಶಾನ್‌ಕಾಲ್ ತಯಾರಿಕೆಯನ್ನು ಕೈಬಿಡಲಾಯಿತು. ಬಡವರ ರೋಗದ ಲಸಿಕೆಗೆ ಅನುಮತಿ ದೊರಕಿಸುವುದು ಎಷ್ಟು ಕಷ್ಟವೋ, ಅದನ್ನು ತಯಾರಿಸುತ್ತಲೇ ಇರುವವರು ಸಿಗುವುದೂ ಅಷ್ಟೇ ಕಷ್ಟ.